ಅಳೆಯುವ ಮೊದಲು ಕಾನೂನು ಓದಿ: ಗಲ್ಲಿಯ ಸದ್ದಿನ ಮೇಲೆ ಸಂಶೋಧನೆ ಮಾಡುವ ಬಗೆ

ಮುಂಬೈಯ ಉಪನಗರಗಳಲ್ಲಿ ಈಗ ಯಾವ ಗಲ್ಲಿಗೆ ಹೋದರೂ ಒಂದು ಹಳೆಯ ಕಟ್ಟಡ ಉರುಳುತ್ತಿರುತ್ತದೆ, ಅದರ ಪಕ್ಕದಲ್ಲೇ ಇನ್ನೊಂದು ಏಳುತ್ತಿರುತ್ತದೆ. ಮುಲುಂಡಿನಲ್ಲಿ ನಾವಿರುವ ಗಲ್ಲಿಯೂ ಹಾಗೇ. ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರ ಶುರುವಾದರೆ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತವೆ. ರಾತ್ರಿ ಹನ್ನೊಂದಕ್ಕೆ ಕಾಂಕ್ರೀಟ್ ಮಿಕ್ಸರ್ ಲಾರಿ ರಿವರ್ಸ್ ಬರುತ್ತದೆ. ಸೊಸೈಟಿ ಮೀಟಿಂಗಿನಲ್ಲಿ ಎಲ್ಲರದ್ದೂ ಒಂದೇ ಮಾತು, ತುಂಬಾ ಗಲಾಟೆ ಅಂತ. ಎಷ್ಟು ಗಲಾಟೆ? ಯಾವ ಹೊತ್ತಿಗೆ? ಯಾರಿಗೆ ಜಾಸ್ತಿ? ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹುಡುಕೋಣ ಅಂತ ನಾವು ನಾಲ್ಕು ಜನ ಕನ್ನಡದವರು ಸೇರಿದೆವು. ನಾನು ರಾತ್ರಿಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವನು. ಎರಡನೇ ಮಹಡಿಯಲ್ಲಿ ಒಬ್ಬರು ಸಿವಿಲ್ ಎಂಜಿನಿಯರ್. ಅವರ ಮಗಳು ಕಾನೂನು ಓದುತ್ತಿದ್ದಾಳೆ. ನಾಲ್ಕನೆಯವರು ಕುಂದಾಪುರ ಕಡೆಯ ನಿವೃತ್ತ ನರ್ಸ್, ಗಲ್ಲಿಗೆಲ್ಲ ಅವರು ಅಕ್ಕ. ಭೌತಶಾಸ್ತ್ರ, ಎಂಜಿನಿಯರಿಂಗ್, ಕಾನೂನು, ಜನರ ಆರೋಗ್ಯ ಹೀಗೆ ನಾಲ್ಕು ಬೇರೆ ಬೇರೆ ಓದಿನವರು ಒಂದೇ ಪ್ರಶ್ನೆಗೆ ಕೈ ಹಾಕಿದಾಗ ಏನು ಮೊದಲು, ಏನು ಆಮೇಲೆ ಅನ್ನುವುದೇ ದೊಡ್ಡ ವಿಷಯ. ನಾವು ಕಲಿತ ಕ್ರಮವನ್ನು ನೀವೂ ಮಾಡಿ ನೋಡುವ ಹಾಗೆ ಇಲ್ಲಿ ಬರೆದಿದ್ದೇನೆ. ಇದಕ್ಕೆ ಪಿಎಚ್‌ಡಿ ಬೇಡ. ಒಂದು ನೋಟ್‌ಬುಕ್, ಒಂದು ಫೋನ್, ಎರಡು ತಿಂಗಳ ಸಂಜೆಗಳು ಸಾಕು.

ಮೊದಲು ಪ್ರಶ್ನೆ ಚಿಕ್ಕದಾಗಲಿ

"ಮುಂಬೈಯ ಶಬ್ದ ಮಾಲಿನ್ಯ" ಅನ್ನುವುದು ಪ್ರಶ್ನೆ ಅಲ್ಲ, ಬರೀ ತಲೆಬರಹ. ನಾವು ಹಾಳೆಯ ಮೇಲೆ ಬರೆದದ್ದು ಇಷ್ಟು: ನಮ್ಮ ಗಲ್ಲಿಯಲ್ಲಿ ಕಟ್ಟಡ ಕೆಲಸದ ಸದ್ದು ನಿಯಮದ ಮಿತಿ ದಾಟುತ್ತಿದೆಯೇ, ದಾಟಿದರೆ ಅದರಿಂದ ಯಾರಿಗೆ ಏನಾಗುತ್ತಿದೆ? ನಿಮ್ಮ ಪ್ರಶ್ನೆಯಲ್ಲೂ ಒಂದು ಜಾಗ, ಒಂದು ಸದ್ದು, ಒಂದು ಅವಧಿ ಇರಲಿ. ಬರೆದದ್ದನ್ನು ಈ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರು "ಇದನ್ನು ಹೇಗೆ ಗೊತ್ತು ಮಾಡ್ತೀರಿ?" ಅಂತ ಕೇಳಿದರೆ ಪ್ರಶ್ನೆ ಸರಿ ಇದೆ. ಬರೀ "ಒಳ್ಳೆ ವಿಷಯ" ಅಂದರೆ ಇನ್ನೂ ಚಿಕ್ಕದು ಮಾಡಿ.

ಎರಡನೆಯದು ಕಾನೂನು, ಮೀಟರ್ ಆಮೇಲೆ

ನಾನು ತಪ್ಪಿದ್ದು ಇಲ್ಲೇ. ವಿಜ್ಞಾನದ ಮೇಷ್ಟ್ರು ನೋಡಿ, ಮೊದಲ ದಿನವೇ ಅಳೆಯಲು ಹೊರಟೆ. ಒಂದು ವಾರ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಗ್ಯಾಲರಿಯಲ್ಲಿ ಕೂತು ಡೆಸಿಬೆಲ್ ಬರೆದೆ. ಅಷ್ಟರಲ್ಲಿ ಆ ಹುಡುಗಿ ನಿಯಮ ಓದಿಕೊಂಡು ಬಂದಳು. "ಅಂಕಲ್, ರಾತ್ರಿಗೆ ಮೀಟರೇ ಬೇಡ. ಗಡಿಯಾರ ಸಾಕು" ಅಂದಳು.

ಅವಳು ಹೇಳಿದ್ದು ಸರಿ. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯವಾದದ್ದು 2000ರ ಶಬ್ದ ಮಾಲಿನ್ಯ ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದವು. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ವ್ಯಾಪಾರದ ಜಾಗಕ್ಕೆ 65 ಮತ್ತು 55. ಕೈಗಾರಿಕೆಗೆ 75 ಮತ್ತು 70. ಶಾಂತ ವಲಯಕ್ಕೆ 50 ಮತ್ತು 40. ಹಗಲು ಹೊತ್ತಿನ ದೂರಿಗೆ ಸದ್ದು ಈ ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಜಾಸ್ತಿ ಇರಬೇಕು. ಅಂದರೆ ವಸತಿ ಗಲ್ಲಿಯಲ್ಲಿ 65 ಮುಟ್ಟಬೇಕು. ರಾತ್ರಿಯದು ಬೇರೆ. ವಸತಿ ಪ್ರದೇಶದಲ್ಲೂ ಶಾಂತ ವಲಯದಲ್ಲೂ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ರಾತ್ರಿ ನಡೆಸುವಂತೆಯೇ ಇಲ್ಲ. ಇದು 2010ರ ತಿದ್ದುಪಡಿ. ಅಂದ ಮೇಲೆ ಎಷ್ಟು ಡೆಸಿಬೆಲ್ ಅಂತ ಸಾಬೀತು ಮಾಡುವುದು ಬೇಡ. ಯಾವ ಯಂತ್ರ, ಎಷ್ಟು ಗಂಟೆಗೆ, ಎಷ್ಟು ಹೊತ್ತು ನಡೆಯಿತು, ಇಷ್ಟು ಸಾಕು.

ಹಾಗಾಗಿ ರಾತ್ರಿಯ ಲೆಕ್ಕಕ್ಕೆ ನಾವು ವಾಚ್‌ಮನ್ ಹತ್ತಿರ ಹೋದೆವು. ಗೇಟಿನ ರಿಜಿಸ್ಟರಿನ ಪಕ್ಕದಲ್ಲೇ ಅವರಿಗೆ ಇನ್ನೊಂದು ನೋಟ್‌ಬುಕ್ ಕೊಟ್ಟೆವು. ಲಾರಿ ಬಂದ ಹೊತ್ತು, ಪಂಪ್ ಶುರುವಾದ ಹೊತ್ತು, ನಿಂತ ಹೊತ್ತು ಅವರು ಬರೆದಿಟ್ಟರು. ನನ್ನ ಒಂದು ವಾರದ ಡೆಸಿಬೆಲ್‌ಗಿಂತ ಆ ಪುಟಗಳೇ ಹೆಚ್ಚು ಉಪಯೋಗಕ್ಕೆ ಬಂದವು. ಇಂಥವರ ಶ್ರಮವನ್ನು ವರದಿಯಲ್ಲಿ ತಪ್ಪದೆ ನೆನೆಯಿರಿ.

ನಿಮ್ಮ ಗಲ್ಲಿ ವಸತಿ ಪ್ರದೇಶವೋ ವ್ಯಾಪಾರದ್ದೋ ಅನ್ನುವುದನ್ನು ಅಂದಾಜಿನಲ್ಲಿ ಹೇಳಬೇಡಿ. ಮುಂಬೈಯಲ್ಲಾದರೆ ಪಾಲಿಕೆಯ 2034ರ ಅಭಿವೃದ್ಧಿ ಯೋಜನೆಯ ನಕ್ಷೆ ನೋಡಿ. ಹತ್ತಿರ ಆಸ್ಪತ್ರೆಯೋ ಶಾಲೆಯೋ ಇದ್ದರೆ 100 ಮೀಟರ್ ತನಕ ಶಾಂತ ವಲಯ ಆಗಬಹುದು. ಆದರೆ 2017ರ ತಿದ್ದುಪಡಿ ಆದ ಮೇಲೆ ರಾಜ್ಯ ಸರ್ಕಾರ ಅದನ್ನು ಘೋಷಿಸಿರಬೇಕು. ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕೆಲಸ ಶುರು ಮಾಡಿದ ದಿನವೇ ಹಾಕಿಬಿಡಿ. ನಾವು ತಡ ಮಾಡಿ ಒಂದು ತಿಂಗಳು ಸುಮ್ನೆ ಕಾದೆವು.

ಎರಡು ತೀರ್ಪುಗಳನ್ನು ಓದಲೇಬೇಕು. ಒಂದು, 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟದ್ದು. ನೆಮ್ಮದಿಯಿಂದ, ಗದ್ದಲ ಇಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯಲ್ಲೇ ಸೇರಿದೆ ಅಂತ ಅದು ಹೇಳುತ್ತದೆ. ಅದರ ಹಿಂದಿನ ಅರ್ಜಿ ಹಾಕಿದವರು ಒಬ್ಬ ಎಂಜಿನಿಯರ್. ಸದ್ದು ಅಂದರೇನು, ದೇಹಕ್ಕೆ ಏನು ಮಾಡುತ್ತದೆ ಅನ್ನುವುದೂ ಆ ತೀರ್ಪಿನ ಒಳಗೇ ವಿವರವಾಗಿ ಇದೆ. ಎರಡನೆಯದು 2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟದ್ದು. ಅಲ್ಲಿ ಅರ್ಜಿದಾರರು ಠಾಣೆಯ ಒಬ್ಬ ವೈದ್ಯರು. ಎಂಜಿನಿಯರ್ ಒಬ್ಬರು, ಡಾಕ್ಟರ್ ಒಬ್ಬರು ಹೋಗಿ ಕಾನೂನಿನ ಬಾಗಿಲು ತಟ್ಟಿದ್ದಾರೆ. ನಮ್ಮ ನಾಲ್ವರಿಗೆ ಇದಕ್ಕಿಂತ ಧೈರ್ಯ ಬೇರೆ ಬೇಕಿರಲಿಲ್ಲ.

ಬೇರೆಯವರು ಏನು ಮಾಡಿದ್ದಾರೆ ನೋಡಿ

ಇದಕ್ಕೆ ಎರಡು ಸಂಜೆ ಸಾಕು. ಭಾರತದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಲೇಖನಗಳಿಗೆ ಗೂಗಲ್ ಸ್ಕಾಲರ್, ಕಾಯ್ದೆಗಳಿಗೆ ಇಂಡಿಯಾ ಕೋಡ್, ತೀರ್ಪುಗಳಿಗೆ ಇಂಡಿಯನ್ ಕಾನೂನ್. ಗಣೇಶೋತ್ಸವದ ಹೊತ್ತಿನಲ್ಲಿ ಸದ್ದು ಅಳೆದ ವರದಿಗಳನ್ನು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸುತ್ತದೆ. ಅಳೆದದ್ದನ್ನು ಕೋಷ್ಟಕದಲ್ಲಿ ಹೇಗೆ ಇಡಬೇಕು ಅನ್ನುವುದು ಅವುಗಳನ್ನು ನೋಡಿದರೆ ತಿಳಿಯುತ್ತದೆ. ಓದಿದ ಪ್ರತಿಯೊಂದಕ್ಕೂ ಮೂರು ಸಾಲು ಬರೆದಿಡಿ: ಏನು ಕೇಳಿದರು, ಹೇಗೆ ಅಳೆದರು, ಏನು ಸಿಕ್ಕಿತು. ಅದಕ್ಕಿಂತ ಜಾಸ್ತಿ ಬರೆಯಲು ಹೋದರೆ ಓದುವುದೇ ನಿಂತುಹೋಗುತ್ತದೆ.

ಈಗ ಅಳೆಯಿರಿ

ಡೆಸಿಬೆಲ್ ಅನ್ನುವುದು ಕಿಲೋ, ಲೀಟರಿನ ಹಾಗಲ್ಲ. 60 ಡೆಸಿಬೆಲ್ ಸದ್ದು ಮಾಡುವ ಎರಡು ಯಂತ್ರ ಒಟ್ಟಿಗೆ ಓಡಿದರೆ 120 ಆಗುವುದಿಲ್ಲ, 63 ಆಗುತ್ತದೆ. 3 ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಈ ಒಂದು ಮಾತು ಗಟ್ಟಿಯಾದರೆ ಅರ್ಧ ಕೆಲಸ ಆದ ಹಾಗೆ.

ಸರಾಸರಿಯಲ್ಲೂ ಜನ ಎಡವುವುದು ಇದೇ ಕಾರಣಕ್ಕೆ. ಹತ್ತು ನಿಮಿಷ 50, ಮುಂದಿನ ಹತ್ತು ನಿಮಿಷ 70 ಇತ್ತು ಅಂದುಕೊಳ್ಳಿ. ಕೂಡಿಸಿ ಎರಡರಿಂದ ಭಾಗಿಸಿದರೆ 60 ಬರುತ್ತದೆ. ಅದು ತಪ್ಪು. ನಿಜವಾದ ಸರಾಸರಿ 67. ಪ್ರತಿ ಅಂಕಿಯನ್ನು 10ರಿಂದ ಭಾಗಿಸಿ, ಬಂದದ್ದನ್ನು 10ರ ಘಾತವಾಗಿ ಹಾಕಿ, ಹಾಗೆ ಬಂದ ಸಂಖ್ಯೆಗಳ ಸರಾಸರಿ ತೆಗೆದು, ಅದರ ಲಾಗ್ ತೆಗೆದು 10ರಿಂದ ಗುಣಿಸಬೇಕು. ಎಕ್ಸೆಲ್‌ನಲ್ಲಿ ಒಂದೇ ಸಾಲಿನ ಸೂತ್ರ. ನಿಯಮ ಹೇಳುವ 55, 45 ಎಲ್ಲ ಈ ರೀತಿಯ ಸರಾಸರಿಗಳೇ. ಒಂದು ಕ್ಷಣಕ್ಕೆ 80 ಮುಟ್ಟಿದ ಸ್ಕ್ರೀನ್‌ಶಾಟ್ ತೋರಿಸಿ ಮಿತಿ ದಾಟಿತು ಅನ್ನಲು ಬರುವುದಿಲ್ಲ.

ಫೋನಿನ ಆ್ಯಪ್ ಸಾಕೇ? ಹುಡುಕಾಟಕ್ಕೆ ಸಾಕು, ದೂರಿಗೆ ಸಾಲದು. ಅಮೆರಿಕದ ಸರ್ಕಾರಿ ಸಂಸ್ಥೆ ನಯೋಷ್ ಐಫೋನಿಗಾಗಿ ಉಚಿತ ಆ್ಯಪ್ ಮಾಡಿದೆ, ಅದು ಚೆನ್ನಾಗಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಒಂದೊಂದರ ಮೈಕ್ ಒಂದೊಂದು ಥರ. ಗಟ್ಟಿ ಅಂಕಿ ಬೇಕಾದರೆ ಕ್ಲಾಸ್ 1 ಅಥವಾ ಕ್ಲಾಸ್ 2 (ಇವು ನಿಖರತೆಯ ದರ್ಜೆಗಳು) ಮೀಟರನ್ನು ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನಿಂದ ಎರವಲು ಕೇಳಿ. ಜೊತೆಗೆ ಕ್ಯಾಲಿಬ್ರೇಟರನ್ನೂ ಕೇಳಿ. ಅದು ಮೈಕಿನ ಮೂತಿಗೆ ಸಿಕ್ಕಿಸುವ ಚಿಕ್ಕ ಡಬ್ಬಿ. ಸಾಮಾನ್ಯವಾಗಿ 94 ಡೆಸಿಬೆಲ್‌ನ ಒಂದೇ ಸ್ವರ ಕೊಡುತ್ತದೆ. ಅಳೆಯುವ ಮೊದಲೂ ಆಮೇಲೂ ಮೀಟರ್ 94 ತೋರಿಸುತ್ತಿದೆಯೇ ನೋಡಿ ಬರೆದಿಡಿ.

ನಮ್ಮ ಎರಡನೇ ವಾರದ ಅಂಕಿಗಳೂ ಹೋದವು. ಫೋನಿನ ರಬ್ಬರ್ ಕವರ್ ಮೈಕಿನ ತೂತನ್ನು ಅರ್ಧ ಮುಚ್ಚಿತ್ತು. ಕವರ್ ತೆಗೆದ ಮೇಲೆ ಅದೇ ಜಾಗದಲ್ಲಿ ಅಂಕಿಯೇ ಬೇರೆ ಬಂತು. ಆಮೇಲೆ ಇನ್ನೊಂದು ಅಭ್ಯಾಸ ಮಾಡಿಕೊಂಡೆವು. ಅಳೆಯುವಾಗ ಕೇಳಿದ್ದನ್ನೆಲ್ಲ ಪಕ್ಕದಲ್ಲೇ ಬರೆಯುವುದು. ನಮ್ಮ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೀಗಿದೆ: "8.40 ಪಕ್ಕದ ಮನೆ ಕುಕ್ಕರ್ ಸೀಟಿ. 8.43 ಲೋಕಲ್ ಹೋಯಿತು. 8.46 ಬ್ರೇಕರ್ ಶುರು. 8.51 ನಾಯಿ." ಈ ಸಾಲುಗಳಿಲ್ಲದೆ ಅಂಕಿಗಳಿಗೆ ಬೆಲೆ ಇಲ್ಲ. ಯಾವ ಏರಿಕೆ ಕಟ್ಟಡದ್ದು, ಯಾವುದು ಕುಕ್ಕರಿನದ್ದು ಅಂತ ನಾಳೆ ಯಾರು ಹೇಳುತ್ತಾರೆ?

ನಿಲ್ಲುವ ಜಾಗವೂ ಮುಖ್ಯ. ಮೀಟರ್ ನೆಲದಿಂದ ಒಂದೂಕಾಲು, ಒಂದೂವರೆ ಮೀಟರ್ ಮೇಲಿರಲಿ. ಆದರೆ ಗೋಡೆಯಿಂದ ಮೂರೂವರೆ ಮೀಟರ್ ದೂರ ಇರಲಿ. ನಮ್ಮ ಗ್ಯಾಲರಿಗಳಲ್ಲಿ ಅಷ್ಟು ಜಾಗ ಎಲ್ಲಿ? ಗೋಡೆಗೆ ಬಡಿದು ವಾಪಸು ಬರುವ ಸದ್ದು ಸೇರಿ ಸುಮಾರು 3 ಡೆಸಿಬೆಲ್ ಜಾಸ್ತಿ ತೋರಿಸುತ್ತದೆ. ಅದನ್ನು ಕಳೆದು ಬರೆಯಿರಿ, ಕಳೆದಿದ್ದೇವೆ ಅಂತಲೂ ಬರೆಯಿರಿ. ಕೆಲಸ ಇಲ್ಲದ ಭಾನುವಾರ ಅದೇ ಜಾಗ, ಅದೇ ಹೊತ್ತಿನಲ್ಲಿ ಇನ್ನೊಮ್ಮೆ ಅಳೆಯಿರಿ. ಕೆಲಸದ ದಿನಕ್ಕೂ ಭಾನುವಾರಕ್ಕೂ 10 ಡೆಸಿಬೆಲ್ ವ್ಯತ್ಯಾಸ ಇದ್ದರೆ ಸದ್ದು ಕಟ್ಟಡದ್ದೇ ಅನ್ನಬಹುದು. 3ಕ್ಕಿಂತ ಕಡಿಮೆ ಇದ್ದರೆ ದೂರುವುದಕ್ಕೆ ಆಧಾರ ಇಲ್ಲ, ರಸ್ತೆಯ ಸದ್ದೇ ಅಷ್ಟಿದೆ.

ಇನ್ನೊಂದು ವಿಷಯ. ಮೀಟರಿನ "ಎ" ಗುಂಡಿ ನಮ್ಮ ಕಿವಿಯ ಹಾಗೆ ಕೇಳುತ್ತದೆ, ಮಂದ್ರ ಸದ್ದನ್ನು ಕಡಿಮೆ ಎಣಿಸುತ್ತದೆ. 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಳೆದೇ ತೋರಿಸುತ್ತದೆ. ನಿಯಮ ಕೇಳುವುದು "ಎ" ಅಂಕಿಯನ್ನೇ. ಆದರೆ ಎದೆಗೆ ಗುದ್ದಿದ ಹಾಗಾಗುವ, ಲೋಟ ಅಲುಗಿಸುವ ಸದ್ದು ಇರುವುದು ಆ ಮಂದ್ರದಲ್ಲೇ. ಅದಕ್ಕೇ ಮಂದ್ರವನ್ನು ಅಷ್ಟಾಗಿ ಕಳೆಯದ "ಸಿ" ಗುಂಡಿಯ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಿ.

ರೆಕಾರ್ಡಿಂಗ್ ಮಾಡಿದ ಮೂಲ ಫೈಲನ್ನು ಕತ್ತರಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯನ್ನೇ ನೆಚ್ಚಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲಿನ ಹ್ಯಾಷ್ ಸಂಖ್ಯೆಯೂ ಇರಬೇಕು. ಫೈಲ್ ಚೂರು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ.

ಎಂಜಿನಿಯರನ್ನು ಪರಿಹಾರಕ್ಕೆ ಕೂರಿಸಿ

ಬರೀ ದೂರಿನ ಸಂಶೋಧನೆ ಅರ್ಧ ಸಂಶೋಧನೆ. ಏನು ಮಾಡಿದರೆ ಕಡಿಮೆ ಆಗುತ್ತದೆ ಅಂತಲೂ ಹೇಳಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರಿನಲ್ಲಿ 90 ಇದ್ದದ್ದು 10 ಮೀಟರಿನಲ್ಲಿ 84, 20ರಲ್ಲಿ 78. ಕಾಂಕ್ರೀಟ್ ಪಂಪನ್ನು ಪ್ಲಾಟಿನ ಆಚೆ ತುದಿಗೆ ಇಡುವುದರಿಂದಲೇ ಎಷ್ಟೋ ಲಾಭ. ಧೂಳಿಗೆ ಅಂತ ನಿಲ್ಲಿಸುವ ತಗಡಿನ ಶೀಟು ಸದ್ದನ್ನೂ ತಡೆಯುತ್ತದೆ ಅಂತ ಜನ ತಿಳಿದಿದ್ದಾರೆ. ತೆಳು ತಗಡು ತಡೆಯುವುದು ಸ್ವಲ್ಪವೇ. ಗೋಡೆ ಭಾರ ಇರಬೇಕು, ಸಂದು ಇರಬಾರದು, ಯಂತ್ರ ಮತ್ತು ನಮ್ಮ ಕಿಟಕಿಯ ನಡುವಿನ ನೇರ ನೋಟ ಮರೆಯಾಗಬೇಕು. ಆರನೇ ಮಹಡಿಯವರಿಗೆ ಕೆಳಗಿನ ಶೀಟಿನಿಂದ ಏನೂ ಪ್ರಯೋಜನ ಇಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಹಗಲು ಕೆಲವು ಹೊತ್ತು ಭಾರಿ ಗಾಡಿಗಳಿಗೆ ನಿರ್ಬಂಧ ಇರುವುದರಿಂದ ಮಿಕ್ಸರ್ ಲಾರಿಗಳು ರಾತ್ರಿ ಬರುತ್ತವೆ. ಇದನ್ನು ಬಿಲ್ಡರ್ ಕಡೆಯವರೊಂದಿಗೆ ಕೂತು ಮಾತಾಡಿ, ಹೊತ್ತು ಹೊಂದಿಸಲು ಆಗುತ್ತದೆಯೇ ನೋಡಬೇಕು.

ಜನರನ್ನು ಕೇಳುವಾಗ

ಅಕ್ಕ ಇಲ್ಲದಿದ್ದರೆ ಈ ಭಾಗ ನಮ್ಮಿಂದ ಆಗುತ್ತಿರಲಿಲ್ಲ. "ಮಾಷ್ಟ್ರೇ, ಮೊದಲು ಅಳತೆ ತೋರಿಸಿ ಆಮೇಲೆ ಕೇಳಿದ್ರೆ ಎಲ್ಲರೂ ಹೌದು ಹೌದು ಅಂತಾರೆ" ಅಂದರು. ಹಾಗಾಗಿ ಅಂಕಿಗಳನ್ನು ಯಾರಿಗೂ ಹೇಳದೆ ಮೊದಲು ಕೇಳಿದೆವು. ಪರಿಚಯದವರನ್ನೇ ಕೇಳದೆ ಪ್ರತಿ ಮೂರನೇ ಬಾಗಿಲು ತಟ್ಟಿದೆವು. ಹೆಸರು ಬರೆಯಲಿಲ್ಲ. ಯಾಕೆ ಕೇಳುತ್ತಿದ್ದೇವೆ ಅಂತ ಹೇಳಿ, ಬೇಡ ಅಂದವರಿಗೆ ಕೈ ಮುಗಿದು ಬಂದೆವು. ಆರೋಗ್ಯದ ಪ್ರಶ್ನೆ ಕೇಳುವವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಓದಿಕೊಳ್ಳಿ. ಕಾಲೇಜಿನ ಮೂಲಕ ಮಾಡುವುದಾದರೆ ಅಲ್ಲಿನ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ.

ಪ್ರಶ್ನೆಗಳನ್ನು ಹೊಸದಾಗಿ ಹೊಸೆಯಬೇಡಿ. ಸದ್ದಿನ ತೊಂದರೆ ಕೇಳುವುದಕ್ಕೆ ಐಎಸ್‌ಒ 15666 ಅಂತ ಒಂದು ಅಂತರರಾಷ್ಟ್ರೀಯ ಮಾದರಿ ಇದೆ. ಕಳೆದ 12 ತಿಂಗಳಲ್ಲಿ ಮನೆಯಲ್ಲಿದ್ದಾಗ ಈ ಸದ್ದಿನಿಂದ ಎಷ್ಟು ತೊಂದರೆ ಆಯಿತು ಅಂತ 0ಯಿಂದ 10ರ ತನಕ ಅಂಕ ಕೇಳುತ್ತದೆ. ತೊಡಕು ಬಂದದ್ದು ಕನ್ನಡದಲ್ಲಿ. "ಕಿರಿಕಿರಿ" ಅಂದರೆ ಕೆಲವರಿಗೆ ಚಿಕ್ಕ ವಿಷಯ ಅನ್ನಿಸಿತು, "ಹಿಂಸೆ" ಅಂದರೆ ಅತಿಯಾಯಿತು. ಕರಾವಳಿಯವರಿಗೆ "ಉಪದ್ರ" ಅಂದರೆ ತಟ್ಟನೆ ತಿಳಿಯಿತು. ಉತ್ತರ ಕರ್ನಾಟಕದವರಿಗೆ "ತ್ರಾಸು", ಮರಾಠಿ ನೆರೆಯವರಿಗೂ ಅದೇ ಪದ. ಕೊನೆಗೆ "ತೊಂದರೆ" ಇಟ್ಟುಕೊಂಡು, ಕೇಳುವಾಗ ಅವರವರ ಪದ ಜೊತೆಗೆ ಹೇಳಿದೆವು. ಅನುವಾದ ಮಾಡಿದ್ದನ್ನು ಇನ್ನೊಬ್ಬರಿಂದ ವಾಪಸು ಇಂಗ್ಲಿಷಿಗೆ ಮಾಡಿಸಿ ನೋಡಿ. ಎಲ್ಲಿ ಅರ್ಥ ಜಾರಿದೆ ಅಂತ ಕಣ್ಣಿಗೆ ಬೀಳುತ್ತದೆ.

ನಿದ್ದೆಯ ಬಗ್ಗೆ ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಇದೆ. ಮಲಗುವ ಕೋಣೆಯ ಒಳಗೆ 30 ಡೆಸಿಬೆಲ್, ಕಿಟಕಿಯ ಹೊರಗೆ 45. ನಮ್ಮ ವಸತಿ ಪ್ರದೇಶದ ರಾತ್ರಿ ಮಿತಿಯೂ 45.

ಪಟ್ಟಿ ಮುಗಿಯಿತು ಅಂದುಕೊಂಡಿದ್ದಾಗ ಅಕ್ಕ ಕೇಳಿದರು, "ಆ ಮಶೀನು ಹಿಡಿದವರನ್ನು ಕೇಳಿದ್ರಾ?" ಕೇಳಿರಲಿಲ್ಲ. ನಮ್ಮ ಉಳಿದ ಮೂವರಿಗೂ ಹೊಳೆದಿರಲಿಲ್ಲ. ಸೈಟಿನ ಸೂಪರ್‌ವೈಸರ್ ಒಪ್ಪಿಗೆ ಪಡೆದು ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆವು. ಬ್ರೇಕರ್ ನಡೆಸುವ ಹುಡುಗ ಯಾದಗಿರಿ ಕಡೆಯವನು. ಕನ್ನಡ ಕೇಳಿ ಮುಖ ಅರಳಿತು. "ಕಿವ್ಯಾಗ ಗುಂಯ್ ಅಂತದ್ರಿ ಕಾಕಾ, ಮಲಗಿದ್ರೂ ಹೋಗಂಗಿಲ್ಲ" ಅಂದ. ಮೀಟರ್ ನೋಡಿ, "ನನ್ನ ಕಿವಿ ಹಂತ್ಯಾಕೂ ಒಂದು ಸಲ ಹಿಡೀರಿ" ಅಂದ.

ಕಿವಿಯಲ್ಲಿ ಹಾಗೆ ಗುಂಯ್‌ಗುಡುವುದು ಸದ್ದು ಅತಿಯಾಗಿದೆ ಅನ್ನುವುದರ ಸೂಚನೆ. ನಯೋಷ್ ಹೇಳುವ ಲೆಕ್ಕ ಹೀಗೆ: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಆಮೇಲೆ ಪ್ರತಿ 3ಕ್ಕೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಬ್ರೇಕರ್ ಹಿಡಿದವನ ಕಿವಿಯ ಹತ್ತಿರ 100ರ ಆಸುಪಾಸು ಸಾಮಾನ್ಯ. ನಾವು ನಮ್ಮ ನಿದ್ದೆಯ ಲೆಕ್ಕ ಮಾಡುತ್ತಿದ್ದೆವು, ಅವನು ದಿನವಿಡೀ ಆ ಸದ್ದಿನ ಒಳಗೇ ನಿಂತಿದ್ದ. ಆ ದಿನ ವರದಿಯ ತಲೆಬರಹ ಬದಲಾಯಿಸಿದೆವು. "ಯಾರಿಗೆ" ಅನ್ನುವ ಭಾಗವೇ ಮೊದಲ ಪುಟಕ್ಕೆ ಬಂತು.

ಬರೆದು ಮುಗಿಸಿದ ಮೇಲೆ

ವರದಿ ಹತ್ತು ಪುಟ ಮೀರದಿರಲಿ. ಹೇಗೆ ಅಳೆದೆವು, ಎಲ್ಲಿ ತಪ್ಪಿದೆವು, ಯಾವ ವಾರದ ಅಂಕಿ ಬಿಟ್ಟೆವು, ಎಲ್ಲ ಬರೆಯಿರಿ. ಬಿಟ್ಟದ್ದನ್ನು ಹೇಳಿದರೆ ಉಳಿದದ್ದನ್ನು ಓದುವವರು ನಂಬುತ್ತಾರೆ.

ಪ್ರಕಟಿಸಲು ಹೋಗುವವರಿಗೆ ಒಂದು ಎಚ್ಚರಿಕೆ. ಭೌತಶಾಸ್ತ್ರ, ಕಾನೂನು, ಎಂಜಿನಿಯರಿಂಗ್, ಸಮಾಜ ಎಲ್ಲವನ್ನೂ ಒಂದೇ ಕಡೆ ಪ್ರಕಟಿಸುವ ಪತ್ರಿಕೆಗಳಲ್ಲಿ ಒಳ್ಳೆಯವೂ ಇವೆ, ಬರೀ ದುಡ್ಡಿಗಾಗಿ ನಡೆಯುವವೂ ಇವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಮೇಲೆ ಬಂದ ನನ್ನ ಒಬ್ಬ ವಿದ್ಯಾರ್ಥಿ ಇಂಥ ಒಂದಕ್ಕೆ ಹಣ ಕಟ್ಟಿದ್ದ. ಮೂರೇ ದಿನದಲ್ಲಿ ಲೇಖನ ಬಂತು. ಎರಡು ವರ್ಷ ಕಳೆಯುವುದರೊಳಗೆ ಆ ಜಾಲತಾಣವೇ ಇರಲಿಲ್ಲ. ಅವನ ಮುಖ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಐಎಸ್‌ಎಸ್‌ಎನ್ ಸಂಖ್ಯೆ ಇದ್ದ ಮಾತ್ರಕ್ಕೆ ಪತ್ರಿಕೆ ಒಳ್ಳೆಯದಲ್ಲ, ಅದು ಬರೀ ಗುರುತಿನ ಸಂಖ್ಯೆ. ಸಂಪಾದಕರಿಗೆ ನೇರವಾಗಿ ಬರೆದು ಕೇಳಿ. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪತ್ರಿಕೆಯಾದರೆ, ಅಂಥ ಪತ್ರಿಕೆಗಳ ಡಿಒಎಜೆ ಎಂಬ ಪಟ್ಟಿಯಲ್ಲಿ ಇದೆಯೇ ನೋಡಿ. ಮೂರು ದಿನದಲ್ಲಿ ಒಪ್ಪಿಗೆ ಅಂದವರಿಂದ ದೂರ ಇರಿ. ಯಾವ ವಿಮರ್ಶಕರೂ ಅಷ್ಟು ಬೇಗ ಓದುವುದಿಲ್ಲ.

ದೂರು ಕೊಡುವುದಾದರೆ ಪೊಲೀಸ್ ಠಾಣೆಗೂ ಮಾಲಿನ್ಯ ಮಂಡಳಿಗೂ ಎರಡು ಪುಟದ ಸಾರಾಂಶ ಸಾಕು, ಪೂರ್ತಿ ವರದಿ ಹಿಂದೆ ಲಗತ್ತಿಸಿ. ಕೇಳಿದವರಿಗೆಲ್ಲ ಉತ್ತರ ವಾಪಸು ಹೋಗಬೇಕು. ನಾವು ಕನ್ನಡ, ಮರಾಠಿ, ಹಿಂದಿಯಲ್ಲಿ ಒಂದೊಂದು ಹಾಳೆ ಬರೆದು ಗೇಟಿನಲ್ಲಿ ಅಂಟಿಸಿದೆವು. ಸೈಟಿನಲ್ಲಿ ಊಟದ ಹೊತ್ತಿಗೆ ಓದಿ ಹೇಳಿದೆವು.

ಆ ದಿನ ಅಕ್ಕ ಚೀಲದಲ್ಲಿ ಫೋಮಿನ ಇಯರ್‌ಪ್ಲಗ್ ತಂದಿದ್ದರು. ಸುಮ್ನೆ ಕೊಟ್ಟರೆ ಯಾರೂ ಸರಿಯಾಗಿ ಹಾಕುವುದಿಲ್ಲ, ತೋರಿಸಬೇಕು. ಬೆರಳಲ್ಲಿ ಹೊಸೆದು ಬತ್ತಿಯ ಹಾಗೆ ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಒಳಗೆ ಸೇರಿಸಿ, ಅದು ಉಬ್ಬುವ ತನಕ ಬೆರಳು ಒತ್ತಿ ಹಿಡಿಯಬೇಕು. ಯಾದಗಿರಿಯ ಹುಡುಗ ಎರಡು ಸಲ ತಪ್ಪಿ ಮೂರನೇ ಸಲ ಸರಿಯಾಗಿ ಹಾಕಿಕೊಂಡ. ಬ್ರೇಕರ್ ಚಾಲೂ ಮಾಡಿದ. ಒಂದು ನಿಮಿಷ ಆದ ಮೇಲೆ ನಿಲ್ಲಿಸಿ, ಜೊತೆಯವನನ್ನು ಕೈಬೀಸಿ ಕರೆದು, ಅವನ ಕಿವಿಯನ್ನು ತಾನೇ ಮೇಲಕ್ಕೆ ಎಳೆದು ಹಿಡಿದ.